ಹೊಸ್ತಿಲಾಚೆ ಮೌನ

ಜನವರಿ 9, ಗುರುವಾರ

ಮಗಳಿಗೆ ಹೇಳಿದರೆ ಜಗಳವಾಗುತ್ತದೆ. ದೇವರಿಗೆ ಹೇಳೋಣವೆಂದರೆ ಅವನಿಗೆ ಆಗಲೇ ಗೊತ್ತಿರುತ್ತದೆ. ಹಾಗಾಗಿ ಈ ಪುಸ್ತಕಕ್ಕೆ ಹೇಳುತ್ತಿದ್ದೇನೆ. ಏಳನೇ ಕ್ಲಾಸಿನವರೆಗೆ ಓದಿದ ಕೈ ಇದು. ಅಕ್ಷರ ವಾಲಿದರೆ ವಾಲಲಿ, ಓದುವವಳು ನಾನೊಬ್ಬಳೇ.

ಇವತ್ತು ಶಾಲೆಯ ದೊಡ್ಡ ಮೇಡಂ ಕರೆಸಿದ್ದರು. ನಮ್ಮ ಚೋಟು ಅಲ್ಲಿನ ಶಿಶುವಿಹಾರಕ್ಕೆ ಸೇರಿ ಏಳು ತಿಂಗಳಾಯಿತು. ಮನೆಯಲ್ಲಿ ಅಷ್ಟುದ್ದ ಮಾತಾಡುವ ಮೊಮ್ಮಗಳು ಹೊಸ್ತಿಲು ದಾಟಿದಳೆಂದರೆ ಕಲ್ಲು. ಏಳು ತಿಂಗಳಲ್ಲಿ ಶಾಲೆಯಲ್ಲಿ ಒಂದು ಹೂಂ ಇಲ್ಲ, ಒಂದು ಊಹೂಂ ಇಲ್ಲ.

ಮೇಡಂ ಒಳ್ಳೆಯ ಮಾತಿನಲ್ಲೇ ಹೇಳಿದರು. ಮಾರ್ಚ್ ಇಪ್ಪತ್ತಕ್ಕೆ ಒಂದೊಂದೇ ಮಗುವನ್ನು ಕೂರಿಸಿಕೊಂಡು ಮಾತಾಡಿಸುತ್ತಾರಂತೆ. ಹೆಸರು ಹೇಳಬೇಕು, ಒಂದು ಚಿತ್ರ ನೋಡಿ ನಾಲ್ಕು ಮಾತಾಡಬೇಕು. ಅಷ್ಟಾದರೆ ಒಂದನೇ ಕ್ಲಾಸು. ಆಗದಿದ್ದರೆ ಊರಿನ ಆ ತುದಿಯಲ್ಲಿರುವ, ಮಾತು ಬಾರದ ಮಕ್ಕಳ ಶಾಲೆಗೆ ಬರೆದುಕೊಡುತ್ತಾರಂತೆ. ಆ ಶಾಲೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅಲ್ಲಿನ ಟೀಚರುಗಳು ಬಂಗಾರದಂಥವರೇ ಇರಬಹುದು. ಆದರೆ ಇವಳಿಗೆ ಮಾತು ಬರುತ್ತದಲ್ಲ. ಎರಡು ಬಸ್ಸು ಬದಲಾಯಿಸಿ ಹೋಗಬೇಕು, ಜೊತೆಗೊಬ್ಬರು ಇಡೀ ದಿನ ಅಲ್ಲೇ ಕಾಯಬೇಕು. ಮಗಳು ಬಸ್ಸಿನಲ್ಲಿ ಕಂಡಕ್ಟರು, ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಟರೆ ಎರಡೂವರೆಗೆ ಬರುತ್ತಾಳೆ. ಅವಳು ಬಂದ ಮೇಲೆ ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹೋಗುತ್ತೇನೆ. ಅಳಿಯ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಮನೆ ಕಂಡರೆ ಹೆಚ್ಚು. ನಮ್ಮಿಬ್ಬರಲ್ಲಿ ಒಬ್ಬಳು ಕೆಲಸ ಬಿಡಬೇಕಾಗುತ್ತದೆ.

ಮೇಡಂ ಚೋಟುವನ್ನು ನೋಡಿ ಹೆಸರೇನು ಪುಟ್ಟಾ ಎಂದು ಕೇಳಿದರು. ಹೇಳಿದೆ. ಶಾಲೆಗೆ ಯಾರ ಜೊತೆ ಬರ್ತೀಯ ಎಂದರು. ನನ್ನ ಜೊತೆಗೇ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ನಾನು ಕೇಳಿದ್ದು ಮಗೂನ."

ಕೇಳಿದವರಿಗೆ ಯಾರಾದರೂ ಒಬ್ಬರು ಉತ್ತರ ಕೊಡಬೇಕಲ್ಲ? ದೊಡ್ಡವರು ಕೇಳುತ್ತಿರುವಾಗ ಇಬ್ಬರೂ ಬಾಯಿ ಹೊಲಿದುಕೊಂಡು ಕೂತರೆ ಅದು ಮರ್ಯಾದೆಯೇ?

ಜನವರಿ 13, ಸೋಮವಾರ

ಬೆಳಿಗ್ಗೆ ದೇವರ ಮುಂದೆ ಕೂತು ಒಂದು ಉಪಾಯ ಬೇಡಿದೆ, ಸಿಕ್ಕಿತು. ಚೋಟುವಿನ ಟೀಚರನ್ನು ಕೇಳಿಕೊಂಡು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತೆ. ಮಕ್ಕಳ ಬೆಂಚು ಅದು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ನಾನು ಕಣ್ಣಿಗೆ ಕಾಣುತ್ತಿದ್ದರೆ ಮಗುವಿಗೆ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ.

ಟೀಚರು ಚಿಕ್ಕ ವಯಸ್ಸಿನವಳು, ಸಮಾಧಾನಸ್ಥೆ. ಗೋಡೆಯ ಚಿತ್ರ ತೋರಿಸಿ ಇದೇನು ಎಂದು ಚೋಟುವನ್ನು ಕೇಳಿದಳು. ಕೇಳಿ ಸುಮ್ಮನೆ ನಿಂತಳು. ಎಷ್ಟು ಹೊತ್ತು ನಿಲ್ಲುವುದು? ನಾನು ಹಿಂದಿನಿಂದ ಮೆಲ್ಲಗೆ, ಹಸು ಅಂತ ಹೇಳು ಕಂದಾ ಎಂದೆ. ನನ್ನ ಮೆಲ್ಲಗೆ ಅಷ್ಟು ಮೆಲ್ಲಗಿರಲಿಲ್ಲವೇನೋ, ಇಡೀ ಕ್ಲಾಸು ಹಸು ಎಂದು ಕೂಗಿತು. ಚೋಟು ಮಾತ್ರ ಕೂಗಲಿಲ್ಲ. ಹೀಗೆ ಮೂರು ಸಲವಾಯಿತು. ಆಮೇಲೆ ಟೀಚರು ನನ್ನ ಹತ್ತಿರ ಬಂದು, ಅಮ್ಮಾ, ನೀವು ನಾಳೆಯಿಂದ ಹೊರಗೆ ಕೂತರೆ ಒಳ್ಳೆಯದು ಎಂದಳು.

ಐವತ್ತು ವರ್ಷಕ್ಕೆ ಕ್ಲಾಸಿನಿಂದ ಹೊರಗೆ ಹಾಕಿಸಿಕೊಂಡೆ. ಚಿಕ್ಕವಳಿದ್ದಾಗಲೂ ಹೀಗಾಗಿರಲಿಲ್ಲ.

ಜನವರಿ 16, ಗುರುವಾರ

ಇವತ್ತೂ ಇಲ್ಲ.

ಜನವರಿ 22, ಬುಧವಾರ

ಹನ್ನೆರಡೂವರೆಗೆ ಕರೆದುಕೊಂಡು ಬರಲು ಹೋದರೆ ಚೋಟು ಬೇರೆ ಯಾರದೋ ದೊಗಳೆ ಚಡ್ಡಿ ಹಾಕಿಕೊಂಡು ನಿಂತಿದ್ದಳು. ಅವಳ ಒದ್ದೆ ಬಟ್ಟೆ ಒಂದು ಚೀಲದಲ್ಲಿತ್ತು. ಬಚ್ಚಲಿಗೆ ಹೋಗಬೇಕೆಂದು ಕೇಳಲಾಗದೆ ಕೂತಲ್ಲೇ ಮಾಡಿಕೊಂಡಿದ್ದಾಳೆ. ಟೀಚರು ಯಾರಿಗೂ ಕಾಣದ ಹಾಗೆ ಬಟ್ಟೆ ಬದಲಾಯಿಸಿದಳಂತೆ. ಅವಳಿಗೆ ಪುಣ್ಯ ಬರಲಿ.

ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಏನೂ ಆಗಿಲ್ಲ, ಎಲ್ಲಾ ಮಕ್ಕಳಿಗೂ ಆಗುತ್ತದೆ, ಅಜ್ಜಿ ಇದ್ದೀನಲ್ಲ ಎಂದೆ. ಅವಳು ತಲೆ ಎತ್ತಲಿಲ್ಲ. ಮನೆಯೊಳಗೆ ಬಂದು ಚೀಲ ಕೆಳಗಿಟ್ಟ ಮೇಲೆ ಹೇಳಿದಳು.

"ಕೇಳ್ಬೇಕು ಅಂತಿದ್ದೆ ಅಜ್ಜಿ. ಮಾತು ಇಲ್ಲಿವರೆಗೆ ಬಂತು." ಗಂಟಲು ಮುಟ್ಟಿ ತೋರಿಸಿದಳು. "ಆಮೇಲೆ ವಾಪಸ್ ಹೋಯ್ತು."

ಮಗಳು ಬಂದು ವಿಷಯ ಕೇಳಿ, ಕಂಡಕ್ಟರ್ ಚೀಲವನ್ನು ಹೆಗಲಿನಿಂದ ತೆಗೆಯದೆಯೇ ಅತ್ತಳು. ಆಮೇಲೆ ಚೋಟುವನ್ನು ಎದುರಿಗೆ ಕೂರಿಸಿಕೊಂಡು ಏನಾಯ್ತು ಬಂಗಾರಿ ಎಂದು ಕೇಳಿದಳು. ಪಾಪ, ಮಗು ಮತ್ತೆ ಯಾಕೆ ಹೇಳಬೇಕು ಎಂದು ನಾನೇ ಎಲ್ಲ ಹೇಳಿದೆ. ಮಗಳು ನನ್ನ ಕಡೆ ತಿರುಗಿದಳು. ದಿನವಿಡೀ ಮುಂದೆ ಹೋಗಿ ಮುಂದೆ ಹೋಗಿ ಎಂದು ಕೂಗಿ ಅವಳ ಗಂಟಲು ಒಡೆದಿರುತ್ತದೆ. ಆ ಒಡೆದ ಗಂಟಲಲ್ಲೇ ಅಂದಳು.

"ಮನೇಲೂ ಅವಳ ಮಾತು ನೀನೇ ಆಡ್ತೀಯಲ್ಲಮ್ಮಾ. ಅವಳು ಬಾಯಿ ತೆಗೆಯೋದ್ರೊಳಗೆ ನಿನ್ನದು ಮುಗಿದಿರುತ್ತೆ."

ನಾನಿಲ್ಲದಿದ್ದರೆ ಈ ಮಗುವನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂದೆ. ಅನ್ನಬಾರದಿತ್ತು. ಅಂದಾಗಿತ್ತು.

ಜನವರಿ 23, ಗುರುವಾರ

ಮಗಳು ಮಾತು ಬಿಟ್ಟಿದ್ದಾಳೆ. ಚೋಟುವಿಗೆ ಶಾಲೆ ಬೇಡವಂತೆ, ಹೊಟ್ಟೆನೋವಂತೆ. ಹೊಟ್ಟೆ ಮುಟ್ಟಿ ನೋಡಿದೆ, ಏನೂ ಇಲ್ಲ. ಆದರೂ ಕಳಿಸಲಿಲ್ಲ.

ಜನವರಿ 27, ಸೋಮವಾರ

ಹರಕೆ ಹೊತ್ತೆ.

ನಾಲ್ಕು ದಿನದಿಂದ ಯೋಚಿಸುತ್ತಿದ್ದೆ. ದೇವರ ಹತ್ತಿರ ಏನಾದರೂ ಕೇಳುವಾಗ ನಮಗೆ ಪ್ರಿಯವಾದ ಒಂದನ್ನು ಬಿಡಬೇಕು. ಸಿಹಿ ಬಿಡೋಣವೆಂದರೆ ನಾನು ಸಿಹಿ ತಿನ್ನುವವಳೇ ಅಲ್ಲ, ಅದನ್ನು ಬಿಟ್ಟರೆ ಅವನಿಗೆ ಮೋಸ ಮಾಡಿದಂತೆ. ಒಪ್ಪತ್ತು ಊಟ ಬಿಟ್ಟರೆ ಬಟ್ಟೆ ಕೆಲಸ ಮಾಡಲು ಕೈಲಿ ಶಕ್ತಿ ಇರುವುದಿಲ್ಲ. ನನಗೆ ಪ್ರಾಣಕ್ಕಿಂತ ಪ್ರಿಯ ಏನೆಂದು ಮನಸ್ಸು ಮುಟ್ಟಿ ಕೇಳಿಕೊಂಡೆ. ಮಾತು.

ಅದಕ್ಕೂ ಕಾರಣವಿದೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಆರು ದೊಡ್ಡ ಡ್ರಮ್ಮುಗಳು ಒಟ್ಟಿಗೆ ತಿರುಗುತ್ತವೆ. ಆ ಸದ್ದಿನಲ್ಲಿ ಕೂಗಿದರೂ ಪಕ್ಕದವರಿಗೆ ಕೇಳದು, ಹಾಗಾಗಿ ಅಲ್ಲಿ ಎಲ್ಲರದೂ ಕೈಮಾತು. ಅಂಗೈ ಮೇಲೆ ಮುಷ್ಟಿ ಇಟ್ಟರೆ ಬಟ್ಟೆ ಇನ್ನೂ ಒದ್ದೆ. ಎರಡು ಬೆರಳು ಮಡಚಿದರೆ ಹಾಸಿಗೆ ಬಟ್ಟೆಯ ಆ ತುದಿ ಹಿಡಿ. ಹೊಟ್ಟೆಯ ಮುಂದೆ ಕೈಯನ್ನು ದುಂಡಗೆ ಸುತ್ತಿದರೆ ಮೇಲ್ವಿಚಾರಕ ಬಂದ. ದಿನಕ್ಕೆ ಐದು ಗಂಟೆ ಹಾಗಿರುವವಳು ಹೊರಗೆ ಬಂದ ಮೇಲಾದರೂ ಬಾಯಿ ತೆರೆಯಬೇಡವೇ?

ಆದರೂ ಕೊಟ್ಟೆ. ಚೋಟು ಒಂದನೇ ಕ್ಲಾಸಿಗೆ ಆಯ್ಕೆಯಾಗುವವರೆಗೆ, ಮನೆಯ ಹೊಸ್ತಿಲು ದಾಟಿದ ಮೇಲೆ ಮತ್ತೆ ಒಳಗೆ ಕಾಲಿಡುವ ತನಕ, ಒಂದು ಮಾತೂ ಆಡುವುದಿಲ್ಲ. ನನ್ನ ಮಾತು ತಗೋ, ಆ ಮಗುವಿನ ಬಾಯಿ ಬಿಡಿಸು ಎಂದು ಕೈ ಮುಗಿದೆ.

ಮಗಳಿಗೆ ಹೇಳಿದಾಗ ಐದು ದಿನದ ಮೇಲೆ ಮೊದಲ ಸಲ ನಕ್ಕಳು. "ನೀನಾ?" ಎಂದಳು. ಅಷ್ಟೇ. ಅಷ್ಟರಲ್ಲಿ ರಾಜಿಯೂ ಆಯಿತು.

ಚೋಟು ಯಾಕೆ ಎಂದು ಕೇಳಿದಳು. ಅದು ದೇವರಿಗೂ ನನಗೂ ಇರುವ ವಿಷಯ ಎಂದೆ.

ಜನವರಿ 28, ಮಂಗಳವಾರ

ಮನೆಯಿಂದ ಶಾಲೆಗೆ ಹದಿನೈದು ನಿಮಿಷದ ದಾರಿ. ಇವತ್ತು ಅದು ಒಂದು ಯುಗ. ನಾಲಿಗೆ ಬಾಯೊಳಗೆ ಮೀನಿನ ಹಾಗೆ ಒದ್ದಾಡಿತು. ರಸ್ತೆ ದಾಟುವಾಗ ಹುಷಾರು ಎನ್ನುವ ಹಾಗಿಲ್ಲ, ಕೈ ಹಿಡಿದು ನಿಲ್ಲಿಸಿದೆ. ಗೇಟಿನ ಕಾವಲುಗಾರ ಏನಮ್ಮಾ ಚೆನ್ನಾಗಿದ್ದೀರಾ ಎಂದ, ತಲೆ ಆಡಿಸಿದೆ. ಟೀಚರು ಏನೋ ಕೇಳಿದಳು, ಕೈಮುಗಿದು ಬಂದೆ. ಎಲ್ಲರೂ ನನ್ನನ್ನು ಸೊಕ್ಕಿನವಳು ಎಂದುಕೊಂಡಿರಬೇಕು. ಅಂದುಕೊಳ್ಳಲಿ.

ಚೋಟು ದಾರಿಯುದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದಳು.

ಫೆಬ್ರವರಿ 3, ಸೋಮವಾರ

ದೇವರು ಕೇಳಿಸಿಕೊಂಡಿದ್ದಾನೆ. ಸರಿಯಾಗಿ ಬರೆಯುತ್ತೇನೆ.

ಶಾಲೆಯಿಂದ ಬರುವಾಗ ಬ್ರೆಡ್ ಅಂಗಡಿಗೆ ಹೋದೆವು. ಅಂಗಡಿಯವಳು ಏನು ಬೇಕು ಎಂದಳು. ಎರಡು ಬೆರಳು ಎತ್ತಿ, ಕೈಯಲ್ಲಿ ಚಿಕ್ಕದು ಎಂದು ತೋರಿಸಿದೆ. ಅವಳು ಎರಡು ದೊಡ್ಡದು ತಂದಿಟ್ಟಳು. ಮತ್ತೆ ತೋರಿಸಿದೆ. ಅರ್ಧ ಮಾಡಿ ಕೊಡಲಾ ಎಂದಳು. ಹಿಂದೆ ಜನ ಸೇರಿದರು. ಯಾರೋ ಒಬ್ಬ ಬೇಗ ಹೇಳಮ್ಮಾ, ಬಸ್ಸು ಹೋಗುತ್ತೆ ಎಂದು ಗೊಣಗಿದ. ಹರಕೆ ಮುರಿಯುವುದೋ ಬ್ರೆಡ್ಡು ಬಿಟ್ಟು ಹೋಗುವುದೋ ಎಂದು ನಿಂತಿದ್ದಾಗ, ನನ್ನ ಹಿಂದೆ ಬಟ್ಟೆ ಹಿಡಿದು ನಿಂತಿದ್ದ ಚೋಟುವಿನ ಧ್ವನಿ ಬಂತು.

"ಚಿಕ್ಕದು. ಎರಡು."

ಅಂಗಡಿಯವಳಿಗೆ ಅದೇನು ದೊಡ್ಡ ವಿಷಯ? ಕಟ್ಟಿ ಕೊಟ್ಟಳು. ನಾನು ಮನೆ ಸೇರುವವರೆಗೆ ಹಲ್ಲು ಕಚ್ಚಿಕೊಂಡು ನಡೆದೆ. ಬಾಯಿ ತೆರೆದಿದ್ದರೆ ಬೀದಿಯಲ್ಲೇ ಅಳುತ್ತಿದ್ದೆ.

ಫೆಬ್ರವರಿ 10, ಸೋಮವಾರ

ಹೊಸ ಕಷ್ಟ. ಬಾಯಿ ಬಂದ ಕೂಡಲೇ ಸುಳ್ಳೂ ಬಂದಿದೆ.

ಅಜ್ಜಿ ಯಾಕೆ ಮಾತಾಡೋಲ್ಲ ಎಂದು ಕಾವಲುಗಾರ ಕೇಳಿದ್ದಕ್ಕೆ ಹಲ್ಲುನೋವು ಎಂದಿದ್ದಾಳೆ. ಅವನು ಪಾಪ, ಮರುದಿನ ಮನೆಯಿಂದ ಒಂದು ಪುಡಿ ತಂದುಕೊಟ್ಟ. ತೆಗೆದುಕೊಳ್ಳದೆ ವಿಧಿಯಿಲ್ಲ, ದವಡೆ ಹಿಡಿದುಕೊಂಡೆ. ಹಾಗೆ ನಾನೂ ಸುಳ್ಳಿಯಾದೆ. ಇವತ್ತು ಬ್ರೆಡ್ ಅಂಗಡಿಯವಳಿಗೆ, ಡಾಕ್ಟರು ಅಜ್ಜಿಯ ನಾಲಿಗೆ ತೆಗೆದು ರಿಪೇರಿಗೆ ಇಟ್ಟಿದ್ದಾರೆ ಎಂದಳು. ಅಂಗಡಿಯವಳು ನನ್ನ ಬಾಯಿಯನ್ನೇ ನೋಡಿದಳು. ನಾನು ತುಟಿ ಬಿಗಿ ಹಿಡಿದೆ. ಬೇರೆ ಇನ್ನೇನು ಮಾಡಲಿ?

ಮನೆಗೆ ಬಂದು ಕೂರಿಸಿ ಗದರಿದೆ. ದೇವರಿಗೆ ಸುಳ್ಳು ಆಗದು ಎಂದೆ. ಅವಳು ಹೆದರಲಿಲ್ಲ.

"ಮತ್ತೆ ಏನು ಹೇಳ್ಲಿ? ನೀನು ಹೇಳಿಕೊಟ್ಟಿಲ್ವಲ್ಲ."

ಹೇಳಿಕೊಡಲು ಬಾಯಿ ತೆರೆದೆ. ಏನು ಹೇಳಿಕೊಡುವುದೋ ತೋಚಲಿಲ್ಲ. ನಿಜ ಎಷ್ಟು ಗೊತ್ತೋ ಅಷ್ಟು ಹೇಳು, ಉಳಿದದ್ದು ನಿನಗೆ ಬಿಟ್ಟದ್ದು ಎಂದೆ.

ಫೆಬ್ರವರಿ 13, ಗುರುವಾರ

ಮೇಲ್ವಿಚಾರಕ ಇವತ್ತು ನನ್ನನ್ನು ಹೊಗಳಿದ. ಹಾಸಿಗೆ ಬಟ್ಟೆಯ ಮಡಿಕೆ ಇತ್ತೀಚೆಗೆ ನೇರವಾಗಿ ಬರುತ್ತಿದೆಯಂತೆ. ಜೊತೆಗೆ ತುದಿ ಹಿಡಿಯುವ, ಎತ್ತರವೆಂದು ನಾವು ಉದ್ದಕ್ಕ ಎನ್ನುವವಳು ಕೈಯಲ್ಲೇ ಹೇಳಿದಳು, ನೀನು ಈಗ ನಾನು ಹೆಜ್ಜೆ ಹಾಕುವವರೆಗೆ ಕಾಯುತ್ತೀಯ, ಮೊದಲು ಎಳೆದುಕೊಳ್ಳುತ್ತಿದ್ದೆ ಎಂದು. ಇರಬಹುದು. ನನಗೇನೂ ವ್ಯತ್ಯಾಸ ಕಾಣಿಸಿಲ್ಲ.

ಫೆಬ್ರವರಿ 20, ಗುರುವಾರ

ಟೀಚರು ಗೇಟಿನ ತನಕ ಬಂದು ಹೇಳಿದಳು. ನಾನು ಉತ್ತರಿಸುವುದಿಲ್ಲ ಎಂದು ಅವಳಿಗೆ ಅಭ್ಯಾಸವಾಗಿದೆ, ಈಗ ನಿಧಾನವಾಗಿ ಎಲ್ಲ ಹೇಳುತ್ತಾಳೆ. ಚೋಟು ಪಕ್ಕದ ಹುಡುಗಿಗೆ ದಾರಿಯಲ್ಲಿ ನಾನು ಬಳಸುವ ಬಟ್ಟೆ ಕೋಣೆಯ ಕೈಮಾತು ಕಲಿಸಿದ್ದಾಳಂತೆ. ಆ ಹುಡುಗಿ ಇನ್ನೊಬ್ಬಳಿಗೆ. ಮೊನ್ನೆ ದೊಡ್ಡ ಮೇಡಂ ಕ್ಲಾಸಿಗೆ ಬಂದಾಗ ಎಲ್ಲಾ ಮಕ್ಕಳೂ ಒಟ್ಟಿಗೆ ಹೊಟ್ಟೆಯ ಮುಂದೆ ಕೈ ಸುತ್ತಿದರಂತೆ. ಇದೇನಿದು ಎಂದು ಟೀಚರು ಯಾರನ್ನು ಕೇಳಿದರೂ ಚೋಟುವಿನ ಕಡೆ ಬೆರಳು ತೋರಿಸಿದರು. ಕೊನೆಗೆ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಕೇಳಿದಳಂತೆ. ಚೋಟು ಅವಳ ಕಿವಿಗೆ ಬಾಯಿಟ್ಟು, "ದೊಡ್ಡೋರು ಬಂದ್ರು ಅಂತ" ಎಂದಳಂತೆ.

ಕ್ಲಾಸಿನೊಳಗೆ ಮೊದಲ ಮಾತು. ಎಂಟು ತಿಂಗಳಿಗೆ. ಅದೂ ಮೇಲ್ವಿಚಾರಕನ ಹೊಟ್ಟೆಯ ದಯೆಯಿಂದ.

ಮಧ್ಯಾಹ್ನ ಮಗಳಿಗೆ ಹೇಳಿದೆ. ಅವಳು ಸ್ನಾನದ ಕೋಣೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಮಾರ್ಚ್ 11, ಮಂಗಳವಾರ

ಟೀಚರಿಗೆ ಜ್ವರ, ರಜೆ ಹಾಕಿದ್ದಾಳೆ. ಬದಲಿಗೆ ಬಂದವಳು ಮಕ್ಕಳ ಹೆಸರನ್ನು ಸಾಲಾಗಿ ಕೂಗುತ್ತಾಳೆ, ಉತ್ತರ ಬರದಿದ್ದರೆ ಮುಂದಿನದಕ್ಕೆ ಹೋಗುತ್ತಾಳೆ. ಎಂಟು ದಿನದಿಂದ ಚೋಟು ಮತ್ತೆ ಕಲ್ಲು. ಬ್ರೆಡ್ ಅಂಗಡಿಯಲ್ಲೂ ನನ್ನ ಹಿಂದೆ ನಿಲ್ಲುತ್ತಾಳೆ. ಇನ್ನು ಒಂಬತ್ತೇ ದಿನ.

ಬೆಳಿಗ್ಗೆ ದೇವರ ಹತ್ತಿರ ಜಗಳಕ್ಕೆ ನಿಂತೆ. ನನ್ನ ಪಾಲಿನದು ನಾನು ನಡೆಸಿಕೊಂಡು ಬಂದಿದ್ದೇನೆ, ನಿನ್ನ ಪಾಲಿನದು ಎಲ್ಲಿ ಎಂದು ಕೇಳಿದೆ. ಆಮೇಲೆ ಹೆದರಿಕೆಯಾಗಿ ಕ್ಷಮೆ ಕೇಳಿದೆ. ಆ ಬದಲಿ ಟೀಚರನ್ನು ನಾಲ್ಕು ಮಾತು ಕೇಳಲು ನಾಲಿಗೆ ತುದಿಗೆ ಬಂದಿತ್ತು. ಗಂಟಲು ಮುಟ್ಟಿಕೊಂಡೆ. ವಾಪಸ್ ಹೋಯಿತು. ಆ ಮಗುವಿಗೆ ಹೇಗಾಗುತ್ತದೆಂದು ಆಗ ಸ್ವಲ್ಪ ತಿಳಿಯಿತು.

ಮಾರ್ಚ್ 19, ಬುಧವಾರ

ಟೀಚರು ವಾಪಸ್ ಬಂದಿದ್ದಾಳೆ, ಸೊರಗಿದ್ದಾಳೆ. ಚೋಟು ಅವಳ ಕೈಬೆರಳು ಹಿಡಿದುಕೊಂಡು ನಿಂತಳು, ಮಾತಿಲ್ಲ.

ನಾಳೆಗೆ ಏನಾದರೂ ಅಭ್ಯಾಸ ಮಾಡಿಸಲೇ ಎಂದು ಮಗಳು ಕೇಳಿದಳು. ಬೇಡ ಬಿಡು ಎಂದೆ. ಯಾಕೆ ಹಾಗಂದೆನೋ, ಸುಸ್ತಾಗಿತ್ತೇನೋ.

ಮಾರ್ಚ್ 20, ಗುರುವಾರ

ಒಂದೂವರೆ ಗಂಟೆ. ಚೋಟು ಮಲಗಿದ್ದಾಳೆ. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ದೊಡ್ಡ ಮೇಡಂ ಕೋಣೆ. ಮೇಜಿನ ಆಚೆ ಅವರು, ಪಕ್ಕದಲ್ಲಿ ಟೀಚರು, ಈಚೆ ನಾವಿಬ್ಬರು. ಮೇಡಂ ಹೆಸರೇನು ಎಂದು ಕೇಳಿದರು. ಚೋಟು ಮೇಜಿನ ಅಂಚು ನೋಡುತ್ತಾ ಕೂತಳು. ಎಷ್ಟು ಹೊತ್ತೋ. ಹೊರಗೆ ಮಕ್ಕಳು ಓಡುವ ಸದ್ದು ಕೇಳುತ್ತಿತ್ತು. ಟೀಚರು ತನ್ನ ಬೆರಳುಗಳನ್ನು ಒತ್ತಿಕೊಳ್ಳುತ್ತಿದ್ದಳು. ಮೇಡಂ ಒಂದು ಚಿತ್ರ ಮುಂದಿಟ್ಟರು, ರಸ್ತೆ, ಅಂಗಡಿ, ಒಂದು ಬಸ್ಸು. ಇದರಲ್ಲಿ ಏನೇನಿದೆ ಎಂದರು. ಅದಕ್ಕೂ ಇಲ್ಲ.

ಮೇಡಂ ನಿಟ್ಟುಸಿರು ಬಿಟ್ಟು ಕಾಗದ ಎಳೆದುಕೊಂಡರು. ಯಾವ ಕಾಗದ ಎಂದು ನನಗೆ ಗೊತ್ತಿತ್ತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ನನ್ನ ಕಡೆ ತಿರುಗಿ, "ಹೋಗ್ಲಿ, ನೀವೇ ಹೇಳಿಬಿಡಿ. ಮಗೂಗೆ ಏನಿಷ್ಟ, ಮನೇಲಿ ಏನು ಮಾಡ್ತಾಳೆ, ನಾನು ಬರ್ಕೋತೀನಿ" ಎಂದರು.

ಆಗ ನನ್ನೊಳಗೆ ಆದದ್ದನ್ನು ಬರೆಯಲು ನನಗೆ ಅಕ್ಷರ ಸಾಲದು. ಅವಳು ಎಷ್ಟು ಜಾಣೆ ಎಂದು ಹೇಳಲು ಒಂದು ಗಂಟೆ ಬೇಕಾದಷ್ಟು ಮಾತು ನನ್ನ ಹತ್ತಿರವಿತ್ತು. ಹೇಳಿದರೆ ಮೇಡಂ ಮನಸ್ಸು ಕರಗಬಹುದಿತ್ತು. ಹರಕೆ ಹೋದರೆ ಹೋಗಲಿ, ಪಾಪ ನನ್ನ ತಲೆಗಿರಲಿ ಎಂದು ಬಾಯಿ ತೆರೆದೇಬಿಟ್ಟಿದ್ದೆ. ಆದರೆ ಚೋಟು ನನ್ನನ್ನು ನೋಡುತ್ತಿದ್ದಳು. ಇವತ್ತು ಅಜ್ಜಿ ಏನು ಮಾಡುತ್ತಾಳೆ ನೋಡೋಣ ಎನ್ನುವ ಹಾಗೆ. ಬಾಯಿ ಮುಚ್ಚಿದೆ. ಇಲ್ಲ ಎಂದು ತಲೆಯಾಡಿಸಿದೆ.

ಮೇಡಂಗೆ ಆಶ್ಚರ್ಯವಾಯಿತು. ಇವತ್ತು ನಿಮಗೇನಾಯ್ತು ಎಂದರು. ನಾನು ಮತ್ತೆ ತಲೆಯಾಡಿಸಿದೆ. ಅವರು ಮತ್ತೆ ಕೇಳಲು ಹೊರಟಾಗ ಚೋಟು ಕುರ್ಚಿಯಿಂದ ಜಾರಿ ಕೆಳಗಿಳಿದು, ನನಗೂ ಮೇಜಿಗೂ ನಡುವೆ ಬಂದು ನಿಂತಳು.

"ಅಜ್ಜಿ ಹೊರಗಡೆ ಮಾತಾಡಲ್ಲ. ನನ್ನನ್ನೇ ಕೇಳಿ."

ಸಣ್ಣ ಧ್ವನಿ. ಆದರೆ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಟೀಚರು ಬಾಯಿಗೆ ಕೈ ಅಡ್ಡ ಹಿಡಿದಳು. ಮೇಡಂ ಏನೂ ಆಗದವರ ಹಾಗೆ, ಸರಿ, ನಿನ್ನನ್ನೇ ಕೇಳ್ತೀನಿ, ಅಜ್ಜಿ ಯಾಕೆ ಮಾತಾಡೋಲ್ಲ ಎಂದರು. ಮತ್ತೆ ಯಾವ ಡಾಕ್ಟರು ಬರುತ್ತಾನೋ ಎಂದು ಹೆದರಿದೆ.

"ಅದು ದೇವರಿಗೂ ಅವಳಿಗೂ ಇರೋ ವಿಷಯ. ನಂಗೆ ಅಷ್ಟೇ ಗೊತ್ತು."

ಮೇಡಂ ನಕ್ಕುಬಿಟ್ಟರು. ಆಮೇಲೆ ಹೆಸರು ಕೇಳಿದರು, ಹೇಳಿದಳು. ಚಿತ್ರ ಕೇಳಿದರು. ಎಲ್ಲದಕ್ಕೂ ಉತ್ತರ ಕೊಡಲಿಲ್ಲ, ಕೆಲವಕ್ಕೆ ಸುಮ್ಮನಿದ್ದಳು. ಒಂದು ಸಲ ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ ಮುಗಿಯಿತು ಎಂದುಕೊಂಡೆ. ಆಮೇಲೆ ಬಸ್ಸಿನ ಮೇಲೆ ಬೆರಳಿಟ್ಟು, ಇದರಲ್ಲಿ ಕಂಡಕ್ಟರೇ ಇಲ್ಲ, ಜನಕ್ಕೆ ಎಲ್ಲಿ ಇಳಿಯಬೇಕು ಅಂತ ಯಾರು ಹೇಳ್ತಾರೆ ಎಂದು ಮೇಡಂ ಅವರನ್ನೇ ಕೇಳಿದಳು. ಮೇಡಂ ಚಿತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಹೌದಲ್ಲ ಎಂದರು.

ಒಂದನೇ ಕ್ಲಾಸು. ಎಳೆದುಕೊಂಡಿದ್ದ ಕಾಗದವನ್ನು ಮತ್ತೆ ಕಟ್ಟಿನೊಳಗೆ ಸೇರಿಸಿದರು. ನಿಧಾನ ಇದ್ದಾಳೆ, ನಾವೂ ನಿಧಾನವಾಗೇ ಕೇಳ್ತೀವಿ, ಅಷ್ಟೇ ಎಂದರು.

ಅಲ್ಲಿಗೆ ನನ್ನ ಹರಕೆ ತೀರಿತು. ಗೇಟು ದಾಟಿದ ಮೇಲೆ ಮಾತಾಡಬಹುದಿತ್ತು. ಐವತ್ತು ದಿನದ ಮಾತು ಒಳಗಿತ್ತು. ಆದರೆ ಚೋಟು ಆ ಬಸ್ಸಿನ ವಿಷಯ ಶುರುಮಾಡಿದ್ದಳು, ಕಂಡಕ್ಟರು ಯಾಕೆ ಹತ್ತಲಿಲ್ಲ, ತನ್ನಮ್ಮ ಹತ್ತಿದ್ದರೆ ಏನಾಗುತ್ತಿತ್ತು ಎಂದು. ಮುಗಿಸಲಿ, ಆಮೇಲೆ ನಾನು ಆಡೋಣ ಎಂದುಕೊಂಡೆ. ಮನೆ ಬಂತು.

ದೇವರಿಗೆ ದೀಪ ಹಚ್ಚಿ ಬಹಳ ಹೊತ್ತು ಕೂತಿದ್ದೆ. ಎಲ್ಲಾ ಅವನೇ ಮಾಡಿದ್ದು. ನಾನೇನು ಮಾಡಿದೆ, ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ.

ಮಲಗುವ ಮುಂಚೆ ಚೋಟು, "ಅಮ್ಮಂಗೆ ನಾನೇ ಹೇಳ್ತೀನಿ, ನೀನು ಹೇಳ್ಬೇಡ" ಎಂದಿದ್ದಾಳೆ.

ಎರಡೂವರೆಯಾಯಿತು. ಮೆಟ್ಟಿಲಲ್ಲಿ ಮಗಳ ಹೆಜ್ಜೆ ಕೇಳಿಸುತ್ತಿದೆ, ಇವತ್ತು ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದಾಳೆ. ಬಾಗಿಲು ತೆಗೆಯುವ ಮೊದಲು ಮಗುವನ್ನು ಎಬ್ಬಿಸಬೇಕು.